ಎಡಗೈಯಲ್ಲಿ ಏರ್ ಪಿಸ್ತೂಲ್: ಕೈಗಿಂತ ಮೊದಲು ಕಣ್ಣು ನೋಡಿಕೊಳ್ಳಿ

ಸರ್, ಬೈಕಿಂದ ಬಿದ್ದು ಬಲ ಮಣಿಕಟ್ಟು ಮುರಿದಿದೆ, ಪ್ಲಾಸ್ಟರ್ ಬಿಚ್ಚೋವರೆಗೆ 10 ಮೀಟರ್ ಏರ್ ಪಿಸ್ತೂಲ್ ಎಡಗೈಲಿ ಹೊಡೀಬಹುದಾ, ಈಗಿರೋ ಗ್ರಿಪ್ಪೇ ನಡೆಯುತ್ತಾ ಅಂತ ಕೇಳಿದ್ದೀರಿ. ಡಾಕ್ಟರ್ ಹೂಂ ಅಂದ್ರೆ ಹೊಡೀಬಹುದು. ಗ್ರಿಪ್ ಮಾತ್ರ ನಡೆಯಲ್ಲ.

ಅದು ಬಲ ಅಂಗೈ ಅಳತೆಗೆ ಕೊರೆದ ಮರ. ಹೆಬ್ಬೆರಳಿನ ತಗ್ಗು, ಅಂಗೈ ಅಂಚು ಕೂರೋ ಕೆಳಗಿನ ಪಾಮ್ ಶೆಲ್ಫ್ ಎಲ್ಲಾ ಉಲ್ಟಾ ಆಗುತ್ತೆ. ದಯವಿಟ್ಟು ಸ್ಯಾಂಡ್ ಪೇಪರ್ ಹಿಡಿದು ಕೂರಬೇಡಿ, ಕೈ ವಾಸಿಯಾದಾಗ ಆ ಗ್ರಿಪ್ಪೂ ಇರಲ್ಲ. ಎಡಗೈ ಗ್ರಿಪ್ ಬೇರೆಯೇ ಸಿಗುತ್ತೆ. ಸಿಗೋವರೆಗೆ ಎರಡೂ ಕೈಗೆ ಒಗ್ಗೋ ಗ್ರಿಪ್ಪಿನ ಪಿಸ್ತೂಲ್ ಕ್ಲಬ್ಬಲ್ಲಿ ಇದ್ಯಾ ವಿಚಾರಿಸಿ.

ನಿಜವಾದ ತಲೆನೋವು ಕಣ್ಣಿನದು. ಎರಡೂ ಕಣ್ಣು ಬಿಟ್ಟು ದೂರದ ಸ್ವಿಚ್‌ಬೋರ್ಡಿಗೆ ಬೆರಳು ನೆಟ್ಟು, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಬೆರಳು ಪಕ್ಕಕ್ಕೆ ಜಿಗಿಯುತ್ತೋ ಅದೇ ನಿಮ್ಮ ಮುಖ್ಯ ಕಣ್ಣು, ಗುರಿ ಹಿಡಿಯುವಾಗ ಮುಂದಾಗೋದು ಅದೇ. ಎಡಗಣ್ಣಾದ್ರೆ ಅದೃಷ್ಟ. ಬಲಗಣ್ಣಾದ್ರೆ, ಎರಡು ತಿಂಗಳ ಮಾತಿಗೆ ಕಣ್ಣು ಬದಲಿಸೋ ಗೋಜು ಬೇಡ ಅನ್ನೋದು ನನ್ನ ಅಭಿಪ್ರಾಯ. ಪಾದದ ಕೋನ ಸ್ವಲ್ಪ ಬದಲಿಸಿ, ಕತ್ತಿಗೆ ಎಳೆತ ಬರದ ಹಾಗೆ ನಿಂತು, ಬಲಗಣ್ಣಲ್ಲೇ ಸೈಟ್ (ಪಿಸ್ತೂಲ್ ಮೇಲಿನ ಗುರಿಪಟ್ಟಿ) ನೋಡಿ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದ್ರೆ ಮುಖವೆಲ್ಲಾ ಸೆಟೆದುಕೊಳ್ಳುತ್ತೆ, ಅದರ ಬದಲು ಆ ಕಣ್ಣಿನ ಮುಂದೆ ನೋಟ ತಡೆಯೋ ಪಟ್ಟಿ, ಅಂದ್ರೆ ಬ್ಲೈಂಡರ್ ಹಾಕಿ. ಸ್ಪರ್ಧೆಯಲ್ಲಿ ಅದರ ಅಗಲ 30 ಮಿ.ಮೀ. ಮೀರೋ ಹಾಗಿಲ್ಲ. ಎಡಗೈಯೇ ಕಾಯಂ ಅಂತಾದ್ರೆ ಲೆಕ್ಕ ಬೇರೆ, ಆಗ ಎಡಗಣ್ಣಿಗೂ ನಿಧಾನವಾಗಿ ಅಭ್ಯಾಸ ಮಾಡಿಸಿ.

ಮೊದಮೊದಲು ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಮುಟ್ಟಲೇಬೇಡಿ. ಒಂದು ಲೀಟರ್ ನೀರಿನ ಬಾಟಲಿ ಹೆಚ್ಚೂಕಮ್ಮಿ ಪಿಸ್ತೂಲಿನಷ್ಟೇ ತೂಕ. ಅದನ್ನು ಭುಜದ ಮಟ್ಟಕ್ಕೆ ಎತ್ತಿ, ಅರ್ಧ ನಿಮಿಷ ಹಿಡಿದು ಇಳಿಸಿ. ಭುಜ ನಡುಗೋಕೆ ಶುರುವಾದ್ರೆ ಅವತ್ತಿಗೆ ಸಾಕು. ಆಮೇಲೆ ಬಿಳಿ ಗೋಡೆ ಮುಂದೆ ಡ್ರೈ ಫೈರ್, ಅಂದ್ರೆ ಪೆಲೆಟ್ ಇಲ್ಲದೆ ಬರೀ ಟ್ರಿಗರ್ ಎಳೆಯೋ ಅಭ್ಯಾಸ. ಟಾರ್ಗೆಟ್ ಕಾಗದ ಅಂಟಿಸಬೇಡಿ, ಕಪ್ಪು ಬೊಟ್ಟು ಕಂಡ ಕೂಡಲೇ ಬೆರಳು ಅವಸರ ಮಾಡುತ್ತೆ. ಟ್ರಿಗರ್ ತೂಕ (ಅದನ್ನು ಎಳೆಯೋಕೆ ಬೇಕಾದ ಬಲ) 500 ಗ್ರಾಂಗಿಂತ ಇಳಿಸಬೇಡಿ, ನಿಯಮವೂ ಅದೇ. ಟ್ರಿಗರ್ ಎಳೆದ ಕ್ಷಣ ನಳಿಗೆ ತುದಿಯ ಫ್ರಂಟ್ ಸೈಟ್ ಎತ್ತ ಹಾರಿತು ನೋಡಿ. ಬಲಗೈಲಿ ಟ್ರಿಗರನ್ನು ಗಬಕ್ಕನೆ ಎಳೆದಾಗ ಗುಂಡು ಕೆಳಗೆ ಎಡಕ್ಕೆ ಹೋಗ್ತಿತ್ತಲ್ಲ, ಈಗ ಅದೇ ತಪ್ಪು ಕೆಳಗೆ ಬಲಕ್ಕೆ ತೋರಿಸುತ್ತೆ.

ಹಂಗೇರಿಯ ಶೂಟರ್ ಕಾರೋಯ್ ತಕಾಚ್ ಕಥೆಯನ್ನು ನಿಮಗೆ ಆಗಲೇ ಯಾರಾದ್ರೂ ಫಾರ್ವರ್ಡ್ ಮಾಡಿರ್ತಾರೆ. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ಹೋಯ್ತು, ಎಡಗೈಲಿ ಕಲಿತು 1948ರ ಲಂಡನ್, 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಎರಡರಲ್ಲೂ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಚಿನ್ನ. ಫಾರ್ವರ್ಡ್ ಮಾಡೋರು ಒಂದು ಮಾತು ಬಿಡ್ತಾರೆ: ಗಾಯಕ್ಕೆ ಮೊದಲೇ ಆತ ಪಳಗಿದ ಶೂಟರ್. ಸೈಟ್, ಉಸಿರು, ಟ್ರಿಗರಿನ ತಿಳಿವಳಿಕೆ ತಲೆಯಲ್ಲೇ ಉಳಿದಿತ್ತು. ನಿಮ್ಮದೂ ಅಷ್ಟೇ. ಹೊಸದಾಗಿ ಕಲೀಬೇಕಾದ್ದು ಭುಜ ಮತ್ತು ಒಂದು ಬೆರಳು. ಸ್ಕೋರ್ ಬರೆಯೋ ಪುಸ್ತಕ ಸದ್ಯ ಮುಚ್ಚಿಡಿ.

ರೇಂಜಿಗೆ ಹೋದಾಗ ಜೊತೆಗೆ ಒಬ್ಬರಿರಲಿ. ಪ್ಲಾಸ್ಟರ್ ಕೈಲಿ ಲಿವರ್ ತೆಗೆದು ಪೆಲೆಟ್ ಹಾಕೋಕೆ ಒದ್ದಾಡುವಾಗಲೇ ನಳಿಗೆ ಪಕ್ಕಕ್ಕೆ ತಿರುಗೋದು. ಪಿಸ್ತೂಲನ್ನು ಟೇಬಲ್ ಮೇಲೆ ಟಾರ್ಗೆಟ್ ಕಡೆಗೇ ಮಲಗಿಸಿ, ಅವರೇ ತುಂಬಲಿ.

ನಿಮ್ಮ ಪಿಸ್ತೂಲ್ ಯಾವ ಕಂಪನಿದು, ಗ್ರಿಪ್ ಸೈಜ್ ಏನು ಹೇಳಿ. ನಮ್ಮ ಕ್ಲಬ್ಬಿನಲ್ಲಿ ಎಡಗೈಯವರಿದ್ದಾರೆ, ಹಳೇ ಗ್ರಿಪ್ ಇದ್ರೆ ಕೇಳಿ ನೋಡ್ತೀನಿ.