‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟು ಹೋಗುವ ಶಿಕ್ಷಕರು

ಪ್ರಶ್ನೆ: ಎರಡೇ ವರ್ಷದಲ್ಲಿ ನಮ್ಮ ಶಾಲೆಯ ಮೂವರು ಒಳ್ಳೆಯ ಶಿಕ್ಷಕರು ಬೇರೆ ಶಾಲೆಗೆ ಸೇರಿದರು. ಅಲ್ಲಿ ಸಂಬಳವೇನೂ ಹೆಚ್ಚಿಲ್ಲ. ಮೂವರೂ ‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟಿದ್ದಾರೆ. ನಮ್ಮ ಮಕ್ಕಳು ತುಸು ತುಂಟರು, ಅದೇ ಕಾರಣವಿರಬಹುದೇ?
– ಒಬ್ಬ ಮುಖ್ಯೋಪಾಧ್ಯಾಯರು

ಉತ್ತರ: ಈ ಪ್ರಶ್ನೆಯನ್ನು ಪದೇ ಪದೇ ಕೇಳುವವರೆಲ್ಲ ಮುಖ್ಯೋಪಾಧ್ಯಾಯರೇ. ಬಿಟ್ಟುಹೋದವರು ಒಬ್ಬರೂ ಕೇಳಿಲ್ಲ, ಅವರಿಗೆ ಕಾರಣ ಗೊತ್ತಿರುತ್ತದೆ. ಆ ಎರಡು ಪದಗಳನ್ನು ‘ನಿಮ್ಮ ಮುಖಕ್ಕೆ ಹೇಳಲಾರೆ’ ಎಂದು ಓದಿಕೊಳ್ಳಿ.

ಮಕ್ಕಳ ಮೇಲೆ ಹೊರಿಸುವುದು ಸುಲಭ. ಅದಕ್ಕೆ ಆಧಾರವೂ ಸಿಗುತ್ತದೆ: ಅಮೆರಿಕದ ಟೆಕ್ಸಾಸ್ ಶಾಲೆಗಳ ಬಗ್ಗೆ 2004ರಲ್ಲಿ ಅರ್ಥಶಾಸ್ತ್ರಜ್ಞ ಎರಿಕ್ ಹನುಶೇಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರ ವಲಸೆಗೆ ಸಂಬಳಕ್ಕಿಂತ ಮಕ್ಕಳ ಹಿನ್ನೆಲೆಯೇ ಹೆಚ್ಚು ತಳಕು ಹಾಕಿಕೊಂಡಂತೆ ಕಂಡಿತು. ಹಲವರು ಓದುವುದನ್ನು ಅಲ್ಲಿಗೇ ನಿಲ್ಲಿಸುತ್ತಾರೆ. 2012ರಲ್ಲಿ ಶಿಕ್ಷಣ ಸಂಶೋಧಕಿ ಸೂಸನ್ ಮೂರ್ ಜಾನ್ಸನ್ ಮತ್ತು ಜೊತೆಗಾರರು ಅಮೆರಿಕದ್ದೇ ಆದ ಮ್ಯಾಸಚೂಸೆಟ್ಸ್ ರಾಜ್ಯದ ಶಾಲೆಗಳಲ್ಲಿ ಕೆಲಸದ ವಾತಾವರಣವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಮಕ್ಕಳ ಪಾಲು ಬಹುಮಟ್ಟಿಗೆ ಕರಗಿತು. ಉಳಿದದ್ದು ಮುಖ್ಯಸ್ಥರ ನಡವಳಿಕೆ, ಸಹೋದ್ಯೋಗಿಗಳ ಸಂಬಂಧ, ಶಾಲೆಯ ಒಟ್ಟು ರೀತಿನೀತಿ. ಅಂದರೆ, ಸ್ವಾಮಿ, ನಿಮ್ಮ ಕೋಣೆ.

ನಾನು ಯಾವ ಶಾಲೆಗೆ ಹೋದರೂ ಮೊದಲು ಕೇಳುವುದು ಬದಲಿ ತರಗತಿಗಳ ಪುಸ್ತಕ, ಅಂದರೆ ರಜೆಯಲ್ಲಿರುವವರ ತರಗತಿಗೆ ಯಾರನ್ನು ಕಳಿಸಿದರು ಎಂದು ಬರೆದಿಡುವ ಪುಸ್ತಕ. ಒಂದು ಕಡೆ ಒಬ್ಬ ಗಣಿತ ಶಿಕ್ಷಕಿಯ ಹೆಸರು ಒಂದೇ ವಾರದಲ್ಲಿ ಏಳು ಸಲ ಇತ್ತು. ಆಡಳಿತಕ್ಕೆ ಬೇಕಾದ ಇಬ್ಬರ ಹೆಸರು ಹುಡುಕಿದರೂ ಸಿಗಲಿಲ್ಲ. ‘ಆಕೆ ಇಲ್ಲ ಅನ್ನುವುದೇ ಇಲ್ಲ’ ಎಂದು ಮುಖ್ಯಸ್ಥರು ಮೆಚ್ಚಿಕೊಂಡು ಹೇಳಿದರು. ಮರುವರ್ಷ ಆಕೆ ಬೇರೆ ಶಾಲೆಯಲ್ಲಿದ್ದರು. ನಿಮ್ಮ ಪುಸ್ತಕ ತೆರೆದು ಆ ಮೂವರ ಹೆಸರು ಎಣಿಸಿ. ಪೋಷಕರೊಬ್ಬರು ದೂರು ತಂದಾಗ ಶಿಕ್ಷಕರ ಮಾತು ಕೇಳುವ ಮೊದಲೇ ‘ವಿಚಾರಿಸುತ್ತೇನೆ, ಕ್ಷಮಿಸಿ’ ಎಂದಿದ್ದಿರಾ ಎಂಬುದನ್ನೂ ನೆನಪಿಸಿಕೊಳ್ಳಿ. ಬಿಟ್ಟವರನ್ನು ಕೇಳುವುದಾದರೆ ಮೂರು ತಿಂಗಳು ಬಿಟ್ಟು, ಶಾಲೆಯ ಹೊರಗೆ ಕೇಳಿ. ಬೀಳ್ಕೊಡುಗೆಯ ದಿನ ಯಾರೂ ನಿಜ ಹೇಳುವುದಿಲ್ಲ.

ಪ್ರಶ್ನೆ: ಮೂರು ವರ್ಷ ಬಿಡುವುದಿಲ್ಲ ಎಂದು ಮುಚ್ಚಳಿಕೆ ಬರೆಸಿಕೊಂಡರೆ?

ಉತ್ತರ: ಹಾಜರಿ ಪುಸ್ತಕದಲ್ಲಿ ಉಳಿಯುತ್ತಾರೆ.

ಪ್ರಶ್ನೆ: ಶಿಕ್ಷಕರಲ್ಲಿ ನಿಷ್ಠೆ ಬೆಳೆಸುವ ಎರಡು ದಿನಗಳ ಪ್ರೇರಣಾ ಶಿಬಿರ ಮಾಡಿಸಬಹುದೇ?

ಉತ್ತರ: ಕಣ್ಣು ಮುಚ್ಚಿಸಿ, ಚಪ್ಪಾಳೆ ತಟ್ಟಿಸಿ ಹಣ ಎಣಿಸಿಕೊಳ್ಳುವ ಆ ಭಾಷಣಕಾರರ ಬಗ್ಗೆ ಬರೆಯತೊಡಗಿದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಅದೇ ದುಡ್ಡಿನಲ್ಲಿ ಒಬ್ಬ ಹೆಚ್ಚುವರಿ ಶಿಕ್ಷಕರನ್ನು ಕೆಲವು ತಿಂಗಳಾದರೂ ನೇಮಿಸಿಕೊಳ್ಳಿ.

ಪ್ರಶ್ನೆ: ನಾನು ಶಿಕ್ಷಕಿ. ಹೊಸ ಶಾಲೆ ಈಗಿನದಕ್ಕಿಂತ ಒಳ್ಳೆಯದೆಂದು ಮೊದಲೇ ತಿಳಿಯುವುದು ಹೇಗೆ?

ಉತ್ತರ: ಸಂದರ್ಶನದಲ್ಲಿ ಒಂದೇ ಪ್ರಶ್ನೆ ಕೇಳಿ: ‘ನಾನು ಯಾರ ಜಾಗಕ್ಕೆ ಬರುತ್ತಿದ್ದೇನೆ, ಅವರು ಎಲ್ಲಿಗೆ ಹೋದರು?’ ‘ವೈಯಕ್ತಿಕ ಕಾರಣ’ ಎಂದರೆ ಅವರ ಫೋನ್ ನಂಬರ್ ಹುಡುಕಿ ಮಾತಾಡಿಸಿ. ಅಲ್ಲಿಯವರೆಗೆ ಇಲ್ಲಿನ ರಾಜೀನಾಮೆ ಕೊಡಬೇಡಿ.