ಓದುವ ಹುರುಪು ಮೂರೇ ವಾರಕ್ಕೆ ಇಳಿದುಹೋಗುತ್ತದೆ. ಕೆಲಸ ಬಿಟ್ಟು ಧಾರವಾಡಕ್ಕೆ ಹೋಗಿ ಓದಲಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ವಯಸ್ಸು 27, ಐಟಿಐ ಮಾಡಿ ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮುಗಿಸಿದ್ದೀರಿ. ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಸಿಎನ್‌ಸಿ (ಕಂಪ್ಯೂಟರಿನಿಂದ ನಡೆಯುವ ಮಷೀನ್) ಆಪರೇಟರ್, ಸೇರಿ 4 ವರ್ಷ 3 ತಿಂಗಳಾಯಿತು. ಎಫ್‌ಡಿಎ, ಅಂದರೆ ಸರ್ಕಾರದ ಪ್ರಥಮ ದರ್ಜೆ ಸಹಾಯಕ ಹುದ್ದೆಯ ಪರೀಕ್ಷೆಗೆ ಓದಲು ಕೂರುತ್ತೀರಿ, ಶುರುವಿನಲ್ಲಿ ಚೆನ್ನಾಗಿ ನಡೆಯುತ್ತದೆ, ಮೂರು ವಾರ ಕಳೆಯುವಷ್ಟರಲ್ಲಿ ಪುಸ್ತಕ ಮುಟ್ಟಲೂ ಬೇಜಾರು. ಉಳಿತಾಯ 1,10,000 ರೂಪಾಯಿ ಇದೆ, ಸಾಲದ ಕಂತು ತಿಂಗಳಿಗೆ 5,800. ಹತ್ತು ತಿಂಗಳು ಧಾರವಾಡದಲ್ಲಿ ಕೂತು ಪೂರ್ತಿ ಓದಿದರೆ ಆಗುತ್ತದಾ ಅಂತ ಕೇಳಿದ್ದೀರಿ.

ನಾನು ಅದನ್ನೇ ಮಾಡಿದವನು. ಈಗ ನನಗೆ 41. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ಕೆಲಸ ಬಿಟ್ಟ ದಿನ ಹೇಗಿತ್ತು ಅಂತ ಮೊದಲು ಹೇಳಬೇಕು. ಸೆಕೆಂಡ್ ಶಿಫ್ಟ್, ಒಂದು ಶಾಫ್ಟಿನ ಜಾಬ್ ಓಡುತ್ತಿತ್ತು. ಟೂಲ್ ಬದಲಾಯಿಸಿದ ಮೇಲೆ ಆಫ್‌ಸೆಟ್‌ನಲ್ಲಿ (ಟೂಲಿನ ಅಳತೆ ಸರಿಹೊಂದಿಸುವ ಅಂಕಿ) ಪ್ಲಸ್ ಹಾಕುವ ಕಡೆ ಮೈನಸ್ ಹಾಕಿದೆ. ಮೊದಲ ಪೀಸ್ ತೆಗೆದು ಮೈಕ್ರೋಮೀಟರಿನಲ್ಲಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು, ಆದರೆ ಟಾರ್ಗೆಟ್ ಹಿಂದೆ ಬಿದ್ದಿತ್ತು, ನೋಡಲಿಲ್ಲ. 38 ಪೀಸ್ ಅಂಡರ್‌ಸೈಜ್. ವ್ಯಾಸ ಜಾಸ್ತಿ ಉಳಿದಿದ್ದರೆ ಮತ್ತೆ ಮಷೀನಿಗೆ ಹಾಕಿ ಇಳಿಸಬಹುದಿತ್ತು, ಕಡಿಮೆಯಾದರೆ ಸ್ಕ್ರ್ಯಾಪೇ. ಸೂಪರ್‌ವೈಸರ್ ಎಲ್ಲರ ಮುಂದೆ ಬೈದರು. ಆ ರಾತ್ರಿ ರೂಮಿಗೆ ಬಂದು, ಊಟವೂ ಮಾಡದೆ, ರಾಜೀನಾಮೆ ಬರೆದೆ. ಓದಬೇಕು ಅನ್ನುವ ಆಸೆ ಎರಡು ವರ್ಷದಿಂದ ಇತ್ತು ನಿಜ, ಆದರೆ ಆ ಕಾಗದ ಬರೆಸಿದ್ದು ಓದಿನ ಆಸೆ ಅಲ್ಲ, ಬೈಗುಳದ ನೋವು. ಇದು ನನಗೆ ಅರ್ಥವಾಗುವಷ್ಟರಲ್ಲಿ ತುಂಬಾ ತಡವಾಗಿತ್ತು. ನೀವು ಧಾರವಾಡದ ಯೋಚನೆ ಯಾವ ದಿನ ಮಾಡಿದ್ದು? ಅವತ್ತು ಶಾಪಿನಲ್ಲಿ ಏನಾದರೂ ಆಗಿತ್ತಾ? ಇದನ್ನು ನಿಮ್ಮ ಪಾಡಿಗೆ ನೀವು ಒಂದು ಸಲ ಕೇಳಿಕೊಳ್ಳಿ.

ಧಾರವಾಡ ಒಳ್ಳೆ ಊರು, ಅದರಲ್ಲಿ ಎರಡು ಮಾತಿಲ್ಲ. ಸಪ್ತಾಪುರದ ಕಡೆ ಹೋದರೆ ಎಲ್ಲಿ ನೋಡಿದರೂ ಓದುವ ಹುಡುಗರು, ಹುಡುಗಿಯರು. ನಾನು ಒಂದು ಸ್ಟಡಿ ರೂಮಿನಲ್ಲಿ ತಿಂಗಳಿನ ಲೆಕ್ಕದಲ್ಲಿ ಸೀಟು ಹಿಡಿದೆ. ಮರದ ಹಲಗೆ ಅಡ್ಡ ಇಟ್ಟ ಸಣ್ಣ ಜಾಗ, ಎದುರಿಗೆ ಹಿಂದಿನವನು ಅಂಟಿಸಿ ಹೋದ ಕರ್ನಾಟಕದ ನಕ್ಷೆ. ಮೊದಲ ಎರಡು ತಿಂಗಳು ನಿಜಕ್ಕೂ ಚೆನ್ನಾಗಿ ಓದಿದೆ. ಆಮೇಲೆ ಮಳೆ ಹಿಡಿಯಿತು, ನೋಟಿಫಿಕೇಶನ್ ಬರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದೆ, ಆದರೆ ಓದುತ್ತಿದ್ದದ್ದು ಮೂರು ಗಂಟೆ ಇರಬಹುದು. ಉಳಿದದ್ದೆಲ್ಲ ಚಹಾದ ಅಂಗಡಿ ಮುಂದೆ ‘ಈ ತಿಂಗಳು ಕರೀತಾರಂತೆ’ ಅನ್ನುವ ಮಾತು. ಅಪ್ಪ ಫೋನ್ ಮಾಡಿ ‘ಏನಾಯ್ತಪ್ಪಾ’ ಅಂತ ಕೇಳಿದರೆ ಅವತ್ತಿನ ಓದು ಮುಗಿದ ಹಾಗೇ. ಎಂಟನೇ ತಿಂಗಳಿಗೆ ದುಡ್ಡು ಖಾಲಿ. ವಾಪಸ್ ಬಂದು ಬೇರೆ ಶಾಪು ಸೇರಿದೆ, ಮೊದಲಿಗಿಂತ ಕಡಿಮೆ ಸಂಬಳಕ್ಕೆ.

ಈಗ ನಿಮ್ಮ ಲೆಕ್ಕ ನೋಡೋಣ. ಧಾರವಾಡದಲ್ಲಿ ಊಟ, ವಸತಿ, ಸ್ಟಡಿ ರೂಮು ಸೇರಿ ತಿಂಗಳಿಗೆ 9,000 ಅಂದುಕೊಂಡಿದ್ದೀರಿ. ಕಂತು ಸೇರಿದರೆ 14,800. ನಿಮ್ಮ 1,10,000 ಏಳು ತಿಂಗಳು ಮುಗಿದು ಎಂಟನೇ ತಿಂಗಳ ಮಧ್ಯಕ್ಕೆ ಮುಟ್ಟುವುದೂ ಕಷ್ಟ. ಹತ್ತು ತಿಂಗಳಿಗೆ ಸಾಲುವುದಿಲ್ಲ. ನೋಟಿಫಿಕೇಶನ್ ಬಂದು, ಪರೀಕ್ಷೆ ನಡೆದು, ಅಂತಿಮ ಪಟ್ಟಿ ಬರುವಷ್ಟರಲ್ಲಿ ವರ್ಷ ದಾಟುವುದು ಮಾಮೂಲಿ. ಅಂದರೆ ನಿಮ್ಮ ದುಡ್ಡು ಮುಗಿಯುವ ದಿನ ಯಾವುದು ಅಂತ ಈಗಲೇ ಹೇಳಬಹುದು, ಪರೀಕ್ಷೆಯ ದಿನ ಯಾವುದು ಅಂತ ಯಾರೂ ಹೇಳಲಾರರು.

ಇನ್ನೊಂದು ವಿಷಯ ನೀವು ಬರೆದೇ ಇಲ್ಲ, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಕಂಪನಿ ಕೊಡುವ ಹಣ. ಕಾಯಂ ಕೆಲಸಗಾರ ತಾನಾಗಿಯೇ ಕೆಲಸ ಬಿಟ್ಟರೆ ಐದು ವರ್ಷ ತುಂಬಿರಬೇಕು. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ ಮೊತ್ತವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಆಮೇಲೆ ಸೇವೆಯ ವರ್ಷದಿಂದ ಗುಣಿಸುತ್ತಾರೆ. ನಿಮ್ಮದು 15,000 ಅಂತ ಇಟ್ಟುಕೊಂಡರೆ ಐದು ವರ್ಷಕ್ಕೆ ಸುಮಾರು 43,000 ರೂಪಾಯಿ. ಇನ್ನು ಒಂಬತ್ತು ತಿಂಗಳು ತಡೆದರೆ ಅದು ನಿಮ್ಮ ಕೈಗೆ ಬರುತ್ತದೆ, ಈಗ ಬಿಟ್ಟರೆ ಹೋಯಿತು. ಪಿಎಫ್ ಕೂಡ ಐದು ವರ್ಷಕ್ಕೆ ಮೊದಲು ತೆಗೆದರೆ ತೆರಿಗೆ ಬೀಳಬಹುದು. ನಾನು ನಾಲ್ಕೂವರೆ ವರ್ಷಕ್ಕೆ ಬಿಟ್ಟೆ. ಆರು ತಿಂಗಳು ತಡೆಯಪ್ಪಾ ಅಂತ ಹೇಳುವವರು ಯಾರೂ ಇರಲಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಸರಿ, ಹುರುಪಿನ ವಿಷಯಕ್ಕೆ ಬರುತ್ತೇನೆ, ನಿಮ್ಮ ನಿಜವಾದ ಕಷ್ಟ ಅಲ್ಲಿದೆ. ನೀವು ಹಾಕಿಕೊಂಡ ಟೈಮ್‌ಟೇಬಲ್ ನೋಡಿದೆ. ಬೆಳಗ್ಗೆ 5ರಿಂದ 8 ಓದು, ದಿನಾ. ಆದರೆ ನಿಮಗೆ ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ ಅಲ್ವಾ? ಫಸ್ಟ್ ಶಿಫ್ಟ್ ವಾರ ಆರು ಗಂಟೆಗೆ ನೀವು ಮಷೀನ್ ಮುಂದೆ ಇರಬೇಕು. ನೈಟ್ ಶಿಫ್ಟ್ ವಾರ ಐದು ಗಂಟೆಗೆ ಇನ್ನೂ ಕೆಲಸದಲ್ಲೇ ಇರುತ್ತೀರಿ. ಹಾಗಾದರೆ ಆ ಟೈಮ್‌ಟೇಬಲ್ ನಡೆಯುವುದು ಸೆಕೆಂಡ್ ಶಿಫ್ಟ್ ವಾರ ಮಾತ್ರ. ಮೂರು ವಾರಕ್ಕೆ ಹುರುಪು ಇಳಿಯಿತು ಅಂದಿರಿ. ಮೂರು ವಾರದಲ್ಲಿ ಶಿಫ್ಟ್ ಒಂದು ಸುತ್ತು ಮುಗಿಯುತ್ತದೆ. ನಿಮ್ಮಲ್ಲಿ ಛಲ ಇಲ್ಲ ಅಂತ ದಯವಿಟ್ಟು ಅಂದುಕೊಳ್ಳಬೇಡಿ, ನಿಮ್ಮ ಟೈಮ್‌ಟೇಬಲ್ ನಿಮ್ಮ ಜೀವನಕ್ಕೆ ಹೊಂದುತ್ತಿಲ್ಲ, ಅಷ್ಟೇ.

ವಾಪಸ್ ಬಂದ ಮೇಲೆ ನಾನು ಗಡಿಯಾರ ನೋಡಿ ಓದುವುದನ್ನು ಬಿಟ್ಟೆ. ಯಾವ ಶಿಫ್ಟ್ ಆದರೂ ಸರಿ, ನಿದ್ದೆ ಮಾಡಿ ಎದ್ದು ಮುಖ ತೊಳೆದು ಕಾಫಿ ಕುಡಿದ ತಕ್ಷಣ ಓದು. ಫಸ್ಟ್ ಶಿಫ್ಟ್ ವಾರ ಮಧ್ಯಾಹ್ನ ಬಂದು ಒಂದು ಗಂಟೆ ಮಲಗಿ ಎದ್ದ ಮೇಲೆ, ನೈಟ್ ಶಿಫ್ಟ್ ವಾರ ಮಧ್ಯಾಹ್ನ ಮೂರಕ್ಕೆ ಎದ್ದ ಮೇಲೆ. ಎಷ್ಟು ಓದಬೇಕು ಅನ್ನುವುದನ್ನು ಒಳ್ಳೆಯ ದಿನ ನೋಡಿ ಇಟ್ಟುಕೊಳ್ಳಲಿಲ್ಲ, ಕೆಟ್ಟ ದಿನ ನೋಡಿ ಇಟ್ಟುಕೊಂಡೆ. ಹಳೇ ಪ್ರಶ್ನೆಪತ್ರಿಕೆಯ ಹತ್ತು ಪ್ರಶ್ನೆ. ಮೈ ಕೈ ನೋವಿದ್ದರೂ, ಜಾಬ್ ರಿಜೆಕ್ಟ್ ಆಗಿ ತಲೆ ಕೆಟ್ಟಿದ್ದರೂ ಹತ್ತು ಪ್ರಶ್ನೆ ಮಾಡಬಹುದು, ಹದಿನೈದು ನಿಮಿಷದ ಕೆಲಸ. ಕೂತ ಮೇಲೆ ಎಷ್ಟೋ ದಿನ ಅದು ಎರಡು ಗಂಟೆ ಆಗುತ್ತಿತ್ತು. ಆಗದ ದಿನ ಹತ್ತು ಪ್ರಶ್ನೆ ಮುಗಿಸಿ ಎದ್ದುಬಿಟ್ಟೆ, ಬೇಜಾರು ಮಾಡಿಕೊಳ್ಳಲಿಲ್ಲ.

ತಪ್ಪಾದ ಪ್ರಶ್ನೆಗೆ ಒಂದು ಬೇರೆ ನೋಟ್‌ಬುಕ್ ಇಟ್ಟಿದ್ದೆ, ಪಕ್ಕದಲ್ಲಿ ತಾರೀಖು. ‘ಮಳೆಗಾಲ’ ಯಾವ ಸಂಧಿ ಅಂದರೆ ಮೂರು ಸಲ ಆಗಮ ಅಂತ ಬರೆದಿದ್ದೇನೆ. ಮಳೆ, ಕಾಲ ಸೇರಿದಾಗ ‘ಕ’ ಜಾಗಕ್ಕೆ ‘ಗ’ ಬಂತು, ಅದು ಆದೇಶ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ, ನಾನು ಏಕೀಕರಣದ 1956 ಬರೆದುಬಿಡುತ್ತಿದ್ದೆ. ನಾಲ್ಕನೇ ಸಲ ಅದೇ ಪ್ರಶ್ನೆ ಸರಿಯಾದಾಗ ಹಳೇ ತಾರೀಖಿನ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ. ನಾಳೆ ಮತ್ತೆ ಕೂರಬೇಕು ಅನ್ನಿಸುತ್ತಿದ್ದದ್ದು ಆ ಗೆರೆಯಿಂದ. ಯೂಟ್ಯೂಬಿನಲ್ಲಿ ಎಷ್ಟೋ ಸ್ಫೂರ್ತಿಯ ಭಾಷಣ ಕೇಳಿದ್ದೇನೆ, ಅದು ರಾತ್ರಿ ಮಲಗುವವರೆಗೂ ಉಳಿಯುತ್ತಿರಲಿಲ್ಲ.

ಅದೇ ನೋಟ್‌ಬುಕ್ಕಿನಿಂದ ಇನ್ನೊಂದು ಗೊತ್ತಾಯಿತು. ತಪ್ಪಿಗೆ ಕಾಲು ಅಂಕ ಕಳೆಯುತ್ತಾರಲ್ಲ, ಒಂದು ಮಾದರಿ ಪರೀಕ್ಷೆಯಲ್ಲಿ 22 ಪ್ರಶ್ನೆಗೆ ಸುಮ್ನೆ ಅಂದಾಜಿನಲ್ಲಿ ಗುರುತು ಹಾಕಿದ್ದೆ. ಸರಿಯಾದದ್ದು ನಾಲ್ಕು, ತಪ್ಪಾದದ್ದು 18. ನಾಲ್ಕು ಅಂಕ ಬಂತು, ನಾಲ್ಕೂವರೆ ಹೋಯಿತು. ಅವತ್ತಿನಿಂದ ಎರಡು ಉತ್ತರವನ್ನಾದರೂ ಖಚಿತವಾಗಿ ತಳ್ಳಿಹಾಕಲು ಆಗದಿದ್ದರೆ ಆ ಪ್ರಶ್ನೆ ಮುಟ್ಟಲಿಲ್ಲ.

ನನಗೆ ಸಿಕ್ಕಿತಾ ಅಂತ ಕೇಳುತ್ತೀರಿ. ಸಿಗಲಿಲ್ಲ. ಕೆಲಸ ಮಾಡುತ್ತಲೇ ಇನ್ನೂ ಎರಡು ಸಲ ಬರೆದೆ, ಕೊನೆಯ ಸಲ ಮೂರು ಅಂಕಕ್ಕೆ ತಪ್ಪಿತು. ಒಂದು ವಾರ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಆದರೂ ಆ ವಾರ ಬಾಡಿಗೆ ಕಟ್ಟಿದ್ದೆ, ಮನೆಗೆ ದುಡ್ಡು ಕಳಿಸಿದ್ದೆ. ಧಾರವಾಡದಿಂದ ವಾಪಸ್ ಬಂದಾಗ ಇದ್ದ ಸ್ಥಿತಿಗೂ ಇದಕ್ಕೂ ತುಂಬಾ ವ್ಯತ್ಯಾಸ ಇತ್ತು. ಆಮೇಲೆ ಅದೇ ಹತ್ತು ಪ್ರಶ್ನೆಯ ಅಭ್ಯಾಸದಲ್ಲಿ ಡ್ರಾಯಿಂಗ್ ಓದುವುದು, ಗೇಜ್ ಬಳಸುವುದು ಕಲಿತೆ, ಈಗ ಇನ್ಸ್‌ಪೆಕ್ಷನ್‌ನಲ್ಲಿದ್ದೇನೆ, ನೈಟ್ ಶಿಫ್ಟ್ ಇಲ್ಲ. ನನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗನಿಗೆ ಸಿಕ್ಕಿತು, ತಾಲ್ಲೂಕು ಕಚೇರಿಯಲ್ಲಿದ್ದಾನೆ, ಅವನೂ ಕೆಲಸ ಬಿಟ್ಟಿರಲಿಲ್ಲ. ಪೂರ್ತಿ ರಜೆ ಹಾಕಿ ಓದಿದ್ದು ಹಾಲ್ ಟಿಕೆಟ್ ಬಂದ ಮೇಲೆ, ಕೊನೆಯ ಮೂರು ವಾರ.

ಧಾರವಾಡಕ್ಕೆ ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಐದು ವರ್ಷ ತುಂಬಲಿ. ಅಷ್ಟರಲ್ಲಿ ಸಾಲವೂ ಸ್ವಲ್ಪ ಇಳಿದಿರುತ್ತದೆ, ವಯೋಮಿತಿಗೆ ನಿಮಗೆ ಇನ್ನೂ ಬೇಕಾದಷ್ಟು ವರ್ಷ ಇದೆ. ಈ ಒಂಬತ್ತು ತಿಂಗಳು ದಿನಕ್ಕೆ ಹತ್ತು ಪ್ರಶ್ನೆ ಮಾಡಿ. ಆಮೇಲೂ ಹೋಗಬೇಕು ಅನ್ನಿಸಿದರೆ, ವಾರದ ರಜೆಯ ದಿನ, ಹೊಟ್ಟೆ ತುಂಬಾ ಊಟ ಮಾಡಿ, ಸಂಬಳದ ಚೀಟಿ ಎದುರಿಗೆ ಇಟ್ಟುಕೊಂಡು ತೀರ್ಮಾನ ಮಾಡಿ. ಶಿಫ್ಟ್ ಮುಗಿಸಿ ಬಂದ ರಾತ್ರಿ ಮಾತ್ರ ಬೇಡ.

ಈ ವಾರ ನಿಮ್ಮದು ಯಾವ ಶಿಫ್ಟ್? ನೈಟ್ ಆಗಿದ್ದರೆ ಸೋಮವಾರದಿಂದ ಶುರು ಮಾಡುತ್ತೇನೆ ಅನ್ನಬೇಡಿ, ನಾಳೆ ಎದ್ದು ಕಾಫಿ ಕುಡಿದ ಮೇಲೆ ಹತ್ತು ಪ್ರಶ್ನೆ ಮಾಡಿ ಎಷ್ಟು ತಪ್ಪಾಯಿತು ಅಂತ ನನಗೆ ಬರೆದು ತಿಳಿಸಿ. ಸಾಮಾನ್ಯ ಕನ್ನಡದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡರೂ ಕೇಳಿ, ನನ್ನ ನೋಟ್‌ಬುಕ್ ಇನ್ನೂ ಇದೆ, ನೋಡಿ ಹೇಳುತ್ತೇನೆ.