ಸಂಪಾದಕರ ಉತ್ತರ: ಕುದಿಸಬೇಡ ಎಂದ ಅಜ್ಜಿ

'ಕಪ್ಪತಗುಡ್ಡದ ನಾಟಿ ವೈದ್ಯರು ಚಳಿಜ್ವರಕ್ಕೆ ಕೊಡುವ ಸೊಪ್ಪುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮಲೇರಿಯಾಕ್ಕೆ ಎಲೆ ಅರೆದು ಕುಡಿಸುವ ಕಾಲ ಹೋಯಿತು. ಇಂಥ ಮೂಢನಂಬಿಕೆ ಇನ್ನೊಮ್ಮೆ ಅಚ್ಚಾದರೆ ಚಂದಾ ನಿಲ್ಲಿಸುತ್ತೇನೆ.'
– ನಿವೃತ್ತ ವಿಜ್ಞಾನ ಶಿಕ್ಷಕರು, ಮುಂಡರಗಿ

ಗುರುಗಳೇ, ನಿಮ್ಮ ಅಕ್ಷರ ಅಚ್ಚಿನ ಮೊಳೆಯಂತಿದೆ, ಸಿಟ್ಟೂ ಅಷ್ಟೇ ದುಂಡಗಿದೆ. ಒಂದನ್ನು ಮೊದಲೇ ಒಪ್ಪಿಬಿಡುತ್ತೇನೆ. ಚಳಿ ಹತ್ತಿ ನಡುಕ ಬಂದರೆ ರಕ್ತ ತಪಾಸಣೆ ಮಾಡಿಸಬೇಕು, ದವಾಖಾನೆಯ ಗುಳಿಗೆ ಪೂರ್ತಿ ನುಂಗಬೇಕು. ಮಲೇರಿಯಾಕ್ಕೆ ಆರ್ಟೆಮಿಸಿಯಾ ಎಂಬ ಗಿಡದ ಸೊಪ್ಪಿನ ಚಹಾ ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ಸರಿ.

ಆದರೆ ಆ ಗುಳಿಗೆ ಯಾವ ಹಿತ್ತಲದ್ದು? ಮಲೇರಿಯಾದ ಹಳೆಯ ಮದ್ದು ಕ್ವಿನೈನ್ ಬಂದದ್ದು ದಕ್ಷಿಣ ಅಮೆರಿಕದ ಆ್ಯಂಡಿಸ್ ಪರ್ವತದ ಸಿಂಕೋನಾ ಮರದ ತೊಗಟೆಯಿಂದ. ಅದರ ಸತ್ವವನ್ನು 1820ರಲ್ಲಿ ಫ್ರೆಂಚರಿಬ್ಬರು ಬೇರ್ಪಡಿಸುವ ಮೊದಲೇ ತೊಗಟೆ ಪುಡಿ ಎಷ್ಟೋ ಜ್ವರ ಇಳಿಸಿತ್ತು. ಇನ್ನು ಮಲೇರಿಯಾಕ್ಕೆ ಮದ್ದು ಹುಡುಕಿದ ಚೀನಾದ ವಿಜ್ಞಾನಿ ತು ಯೂಯೂ. ಅವರಿಗೆ ದಾರಿ ತೋರಿದ್ದು ನಾಲ್ಕನೆಯ ಶತಮಾನದ ಗೆ ಹಾಂಗ್ ಬರೆದ ಮದ್ದಿನ ಪುಸ್ತಕ. ಒಂದು ಹಿಡಿ ಆರ್ಟೆಮಿಸಿಯಾ ಸೊಪ್ಪು ನೀರಲ್ಲಿ ನೆನೆಹಾಕಿ ಹಿಂಡಿ ಕುಡಿ ಎಂದಿತ್ತು, ಕುದಿಸು ಎಂದಿರಲಿಲ್ಲ. ಕಾಸಿದರೆ ಸತ್ವ ಕೆಡುತ್ತದೆಂದು ತು ಅವರಿಗೆ ಹೊಳೆದದ್ದು ಅಲ್ಲಿ. ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿ ತೆಗೆದ ಆ ಸತ್ವವೇ ಮಲೇರಿಯಾದ ಮದ್ದು ಆರ್ಟೆಮಿಸಿನಿನ್, ಅದಕ್ಕೇ ಅವರಿಗೆ 2015ರ ನೊಬೆಲ್.

ನಮ್ಮ ಅಜ್ಜಿ ಅಮೃತಬಳ್ಳಿ ಜಜ್ಜಿ ರಾತ್ರಿಯಿಡೀ ತಣ್ಣೀರಲ್ಲಿಟ್ಟು ಬೆಳಿಗ್ಗೆ ಸೋಸುತ್ತಿದ್ದಳು. ಒಲೆ ಮೇಲಿಡಲು ಹೋದ ನನಗೆ 'ಕುದಿಸಬ್ಯಾಡೋ, ಗುಣ ಹೊಕ್ಕೈತಿ' ಎಂದು ಬೈದಿದ್ದಳು. ಆಯುರ್ವೇದ ಇದನ್ನು ಹಿಮ ಎನ್ನುತ್ತದೆ. ಅವಳ ಬಳ್ಳಿ ಮಲೇರಿಯಾ ವಾಸಿ ಮಾಡುತ್ತಿತ್ತೆಂದು ನಾನು ಹೇಳುತ್ತಿಲ್ಲ. ಅವಳನ್ನು ಯಾರೂ ಕೇಳಲಿಲ್ಲ ಎನ್ನುತ್ತಿದ್ದೇನೆ.

ಆಫ್ರಿಕಾದ ಮಾಲಿ ದೇಶದವರು ಕೇಳಿದರು. ಹಳ್ಳಿಯವರು ಬಳಸುತ್ತಿದ್ದ ಗಿಡವೊಂದರ ಕಷಾಯವನ್ನು 301 ಮಲೇರಿಯಾ ರೋಗಿಗಳ ಪರೀಕ್ಷೆಯಲ್ಲಿ ಗುಳಿಗೆಯ ಎದುರು ನಿಲ್ಲಿಸಿದರು. ಎರಡನೆಯ ಮದ್ದಿನ ಅಗತ್ಯ ಬೀಳದವರು ಕಷಾಯದಲ್ಲಿ ಶೇ 89, ಗುಳಿಗೆಯಲ್ಲಿ ಶೇ 95. ಗುಳಿಗೆಯೇ ಗೆದ್ದಿತು, ನಿಮಗೆ ಸಂತೋಷವಾಗಲಿ. ಆದರೆ ಆ ಗಿಡ ಯಾವುದು ಗೊತ್ತೇ? ಅರಿಸಿನ ಉಮ್ಮತ್ತಿ. ಹಳದಿ ಹೂವಿನ, ಮುರಿದರೆ ಹಳದಿ ಹಾಲು ಸುರಿಸುವ ಮುಳ್ಳುಗಿಡ, ಮೆಕ್ಸಿಕೊ ಮೂಲದ ಕಳೆ. ಇದರದೇ ಬೀಜದೆಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನ ಮೈ ಬಾತು ಸತ್ತರು. ಒಂದೇ ಗಿಡದಲ್ಲಿ ಮದ್ದೂ ವಿಷವೂ ಇರುವಾಗ ಅದನ್ನು ಮೂಢನಂಬಿಕೆ ಎಂದು ಕೈ ತೊಳೆದುಕೊಳ್ಳುವುದು ಯಾವ ವಿಜ್ಞಾನ?

ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿದ ಹುಡುಗನೊಬ್ಬ ಮೊನ್ನೆ ಕಚೇರಿಗೆ ಬಂದಿದ್ದ. ಲ್ಯಾಟಿನ್ ಹೆಸರು ಪಟಪಟ ಹೇಳಿದ, ಮನೆ ಮುಂದಿನ ತುಂಬೆ ಗಿಡ ತೋರಿಸಿದರೆ ತಬ್ಬಿಬ್ಬಾದ. ಕಪ್ಪತಗುಡ್ಡ 2019ರಲ್ಲಿ ವನ್ಯಧಾಮವಾಯಿತು, ಒಳ್ಳೆಯದೇ. ಗಿಡಕ್ಕೆ ಕಾವಲು ಸಿಕ್ಕಿತು. ಅದರ ಹೆಸರು ಬಲ್ಲ ಮುದುಕರಿಗೆ?

ಚಂದಾ ನಿಲ್ಲಿಸುವ ಮೊದಲು ಒಂದು ಉಪಕಾರ ಮಾಡಿ. ನಿಮ್ಮೂರ ಹೊಲದ ಬದುವಿನಲ್ಲಿ ಆ ಹಳದಿ ಹೂ ಸಿಕ್ಕೀತು. ಬಾಯಿಗೆ ಹಾಕಬೇಡಿ. ನಿಮ್ಮ ತಾಯಿ ಅದನ್ನು ಏನೆಂದು ಕರೆಯುತ್ತಿದ್ದರು, ಅಷ್ಟು ಬರೆದು ಕಳಿಸಿ.